ಮನೆಯ ನಾಯಿ, ಮನೆಯವರ ಹೊಣೆ

ನಾಯಿಯನ್ನು ಸಾಕುವುದು ನಮ್ಮ ನಾಡಿಗೆ ಹೊಸತಲ್ಲ. ಹೊಲದ ಕಾವಲಿಗೆ, ಕುರಿಯ ಹಿಂಡಿಗೆ ನಾಯಿ ಹಿಂದಿನಿಂದಲೂ ಉಂಟು. ಮುಧೋಳದ ಬೇಟೆನಾಯಿಯಂತೂ ೨೦೦೫ರಲ್ಲಿ ಅಂಚೆ ಚೀಟಿಯನ್ನೇ ಏರಿತು. ಆದರೆ ಪಟ್ಟಣದ ಮನೆಯ ಮಾತು ಬೇರೆ. ಇಲ್ಲಿ ಹೊಲವಿಲ್ಲ, ಹಿಂಡಿಲ್ಲ. ಇರುವುದು ಒಂದು ಗೇಟು, ಗೇಟಿನಾಚೆ ಶಾಲೆಗೆ ಹೋಗುವ ಮಕ್ಕಳು, ಹಾಲಿನವನು, ಅಂಚೆಯವನು. ಮರಿಯನ್ನು ಮನೆಗೆ ತರುವ ತಾವು ಬೀದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

"ನಮ್ಮ ನಾಯಿ ಮನೆಯಲ್ಲೇ ಇರುತ್ತದೆ, ಅದಕ್ಕೇತರ ಚುಚ್ಚುಮದ್ದು?" ಎಂದು ಕೇಳುವವರು ಬಹಳ ಮಂದಿ. ಮನೆಯಲ್ಲೇ ಇರುವುದೆಂದರೇನು? ರಾತ್ರಿ ಗೇಟು ತೆರೆದಿದ್ದರೆ ಒಂದು ಸುತ್ತು ಹೋಗಿ ಬರುತ್ತದೆ. ಬೀದಿಯ ನಾಯಿಯೊಡನೆ ಒಂದು ಕಚ್ಚಾಟವಾದರೆ ಮನೆಯವರಿಗೆ ತಿಳಿಯುವುದೂ ಇಲ್ಲ.

ಹುಚ್ಚುನಾಯಿ ರೋಗದ, ಎಂದರೆ ರೇಬೀಸಿನ, ವೈರಾಣು ರೋಗ ಹಿಡಿದ ನಾಯಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಹೊಕ್ಕು, ನರಗಳ ಹಾದಿ ಹಿಡಿದು ಮೆಲ್ಲಮೆಲ್ಲನೆ ಮಿದುಳಿನ ಕಡೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬೇಕು. ಗಾಯ ಮುಖದಲ್ಲೋ ಕತ್ತಿನಲ್ಲೋ ಇದ್ದರೆ ಹಾದಿ ಹತ್ತಿರ. ನೀರು ಕಂಡರೆ ಗಂಟಲು ಬಿಗಿಯುವ ಸ್ಥಿತಿ ಬಂದ ಮೇಲೆ ರೋಗಿಯನ್ನು ಉಳಿಸಿಕೊಳ್ಳಬಲ್ಲ ಔಷಧ ಇಂದಿಗೂ ಇಲ್ಲ. ನಡುವಣ ಆ ಕೆಲವು ದಿನಗಳೇ ನಮಗಿರುವ ಅವಕಾಶ. ಅದನ್ನು ಮೊದಲು ಬಳಸಿಕೊಂಡವನು ಲೂಯಿ ಪಾಶ್ಚರ್. ೧೮೮೫ರ ಜುಲೈ ತಿಂಗಳಲ್ಲಿ, ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೀಸ್ಟರ್ ಎಂಬ ಹುಡುಗನಿಗೆ ಆತ ತನ್ನ ಲಸಿಕೆಯನ್ನು ಕೊಡಿಸಿದ, ಹುಡುಗ ಬದುಕಿಕೊಂಡ. ದಕ್ಷಿಣ ಭಾರತದವರಿಗಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆದದ್ದು ೧೯೦೭ರಲ್ಲಿ.

ಹೊಟ್ಟೆಯ ಸುತ್ತ ಹತ್ತು ಹದಿನಾಲ್ಕು ಸೂಜಿ ಹಾಕಿಸಿಕೊಂಡ ಕಥೆಯನ್ನು ಹಿರಿಯರಿಂದ ಕೇಳಿರುತ್ತೀರಿ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ೨೦೦೪ರ ಕೊನೆಗೆ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ, ಗೊತ್ತಾದ ದಿನಗಳಲ್ಲಿ ಹಾಕುತ್ತಾರೆ. ಆದರೂ ಆ ಹಳೆಯ ಹೆದರಿಕೆ ಹೋಗಿಲ್ಲ. ಸೂಜಿಗೂ ಬೈಗುಳಕ್ಕೂ ಹೆದರಿ ಮಕ್ಕಳು ಗೀರಿದ ಗಾಯವನ್ನು ಮುಚ್ಚಿಡುವುದುಂಟು. ನಾಯಿ ಪರಚಿದರೂ ಬಂದು ಹೇಳಿದವರಿಗೆ ಬೈಯುವುದಿಲ್ಲವೆಂದು ಮನೆಯ ಮಕ್ಕಳಿಗೆ ಮೊದಲೇ ತಿಳಿಸಿಡಿ.

ಗಾಯಕ್ಕೆ ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ನಲ್ಲಿಯ ನೀರು ಬಿಟ್ಟು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಿರಿ. ವೈರಾಣುವಿನ ಹೊರಕವಚ ಕೊಬ್ಬಿನದಾದ್ದರಿಂದ ಸಾಬೂನು ಅದನ್ನು ಒಡೆಯುತ್ತದೆ. ಹದಿನೈದು ನಿಮಿಷವೆಂದರೆ ಬಹಳ ಹೊತ್ತು. ಗಡಿಯಾರ ನೋಡಿಯೇ ತೊಳೆಯಬೇಕು. ಆಮೇಲೆ ಅಂದೇ ವೈದ್ಯರ ಬಳಿಗೆ. ರಕ್ತ ಬಂದಿದ್ದರೆ ಗಾಯದೊಳಗೇ ಹಾಕುವ ಇನ್ನೊಂದು ಮದ್ದೂ ಬೇಕಾಗುತ್ತದೆ.

ಕಚ್ಚಿದ್ದು ತಮ್ಮ ಮನೆಯ ನಾಯಿಯೇ ಆದರೂ ಕ್ರಮ ಇದೇ. ನಾಯಿ ಕಾಯಿಲೆ ಬಿದ್ದಂತೆ ಕಾಣುವುದಕ್ಕೆ ಕೆಲವು ದಿನ ಮೊದಲೇ ಅದರ ಜೊಲ್ಲಿನಲ್ಲಿ ವೈರಾಣು ಇರಬಲ್ಲದು. ಅದಕ್ಕೇ ಹತ್ತು ದಿನ ಅದರ ಮೇಲೆ ಕಣ್ಣಿಡಲು ಹೇಳುವುದು. ಅಷ್ಟು ದಿನವೂ ನಾಯಿ ಚೆನ್ನಾಗಿದ್ದರೆ ಉಳಿದ ಸೂಜಿಗಳ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ. ಹತ್ತು ದಿನ ಕಳೆಯಲೆಂದು ಮೊದಲ ಸೂಜಿಯನ್ನು ತಡಮಾಡುವುದು ಮಾತ್ರ ಸಲ್ಲದು.

ಇಷ್ಟೆಲ್ಲಕ್ಕಿಂತ ಸುಲಭವಾದದ್ದು ನಾಯಿಗೇ ಚುಚ್ಚುಮದ್ದು ಹಾಕಿಸುವುದು: ಮರಿಗೆ ಮೂರು ತಿಂಗಳು ತುಂಬಿದಾಗ ಒಮ್ಮೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ, ವರ್ಷ ವರ್ಷವೂ.

ಇಡೀ ದಿನ ಕಟ್ಟಿಹಾಕಿದ ನಾಯಿ ಒಳ್ಳೆಯ ಕಾವಲುಗಾರನಾಗುತ್ತದೆಂಬ ನಂಬಿಕೆಯೊಂದಿದೆ. ಅದು ಆಗುವುದು ಸಿಡುಕನಾಗಿ. ಸರಪಳಿಯಲ್ಲೇ ಇಟ್ಟ ನಾಯಿಯನ್ನು ಅಡ್ಡಾಡಿಸದಿರುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ತಪ್ಪು. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬೀದಿಪಾಲು ಮಾಡುವುದೂ ಅಷ್ಟೆ. ಹೆಣ್ಣುನಾಯಿ ಐದಾರು ಮರಿ ಹಾಕಿದಾಗ ಗೋಣಿಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿ ಬಿಟ್ಟು ಬರುವ ಗೌರವಸ್ಥರೇ, ಬೀದಿನಾಯಿಗಳು ಹೆಚ್ಚಿದವೆಂದು ಪುರಸಭೆಗೆ ಅರ್ಜಿ ಬರೆಯುವುದನ್ನೂ ಕಾಣುತ್ತೇವೆ. ಮರಿಗಳು ಬೇಡವೆಂದಾದರೆ ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಮರಿ ತರುವ ದಿನವೇ ಈ ವಿಷಯವನ್ನು ಪಶುವೈದ್ಯರಲ್ಲಿ ಕೇಳಿಟ್ಟುಕೊಳ್ಳಿ.