ಕೆಲಸವೇ ಕೆಡಿಸಿದ ದೇಹಕ್ಕೆ ಕೂಲಿಯ ಹಕ್ಕು

ದುಡಿದ ದಿನಕ್ಕೆ ಕೂಲಿ, ದುಡಿಯದ ದಿನಕ್ಕೆ ಇಲ್ಲ ಎಂಬುದು ನಮ್ಮ ನಾಡಿನಲ್ಲಿ ಎಲ್ಲರೂ ಒಪ್ಪಿಕೊಂಡು ಬಂದಿರುವ ಲೆಕ್ಕ. ವಳಕಮದಿನ್ನಿಯ ಹೊಲಗಳಲ್ಲಾಗಲಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಾಗಲಿ ಜನರ ಬಾಯಲ್ಲಿ ಇದೇ ಮಾತು. ಆದರೆ ಕೆಲಸವೇ ಕೆಲಸಗಾರನ ದೇಹವನ್ನು ಕೆಡಿಸಿ, ಮತ್ತೆ ಅದೇ ಸ್ಥಳಕ್ಕೆ ಹೋದರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಹೇಳಿದಾಗ ಈ ಲೆಕ್ಕವು ನ್ಯಾಯವೆನಿಸುವುದೇ? ಉತ್ತರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿ ಚಿನ್ನದ ಗಣಿಯಿದೆ.

1947ರಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ, ಈ ಗಣಿಗಾಗಿ ಕಂಪನಿಯೊಂದು ಸ್ಥಾಪನೆಯಾಯಿತು. ಇಲ್ಲಿ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ಅಡಗಿರುತ್ತದೆ. ಕಲ್ಲನ್ನು ಕೊರೆಯುವಾಗ, ಸಿಡಿಸುವಾಗ, ಪುಡಿಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯ ಮೃದು ಅಂಗಾಂಶವನ್ನು ಗಾಯದ ಕಲೆಯಂತೆ ಗಟ್ಟಿಗೊಳಿಸುತ್ತವೆ. ಇದೇ ಸಿಲಿಕೋಸಿಸ್. ನೀರು ಹಾಯಿಸಿ ಕೊರೆಯುವುದರಿಂದಲೂ ಒಳ್ಳೆಯ ಗಾಳಿಯ ವ್ಯವಸ್ಥೆಯಿಂದಲೂ ಇದನ್ನು ತಡೆಯಬಹುದು. ಒಮ್ಮೆ ಬಂದ ಮೇಲೆ ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಅನೇಕರಲ್ಲಿ ಅದು ಹತ್ತಾರು ವರ್ಷಗಳ ನಂತರ ತಲೆದೋರುತ್ತದೆ. ಕ್ಷಯರೋಗಕ್ಕೂ ಎಡೆಮಾಡಿಕೊಡುತ್ತದೆ, ಎಷ್ಟೋ ಸಲ ಕ್ಷಯವೆಂದೇ ತಪ್ಪಾಗಿ ತಿಳಿಯಲಾಗುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಈ ರೋಗವಿರುವುದು ಸ್ವಾತಂತ್ರ್ಯಕ್ಕೆ ಮೊದಲೇ ವರದಿಯಾಗಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಕೆಲಸಗಾರರ ಎದೆಯೊಳಗಿನ ಧೂಳು ಮಾತ್ರ ಅವರೊಂದಿಗೇ ಮನೆಗೆ ಹೋಯಿತು.

ಇಂಥ ರೋಗ ತಗುಲಿದ ಕೆಲಸಗಾರನ ಮೊದಲ ಭಯ ರೋಗದ್ದಲ್ಲ, ಸಂಬಳದ್ದು. ಕೆಮ್ಮು ಹೊರಗೆ ತಿಳಿದರೆ ಕೆಲಸ ಹೋದೀತೆಂದು ಅವನು ಅದನ್ನು ಮುಚ್ಚಿಡುತ್ತಾನೆ; ಮುಚ್ಚಿಟ್ಟು ಮತ್ತೆ ಧೂಳಿಗೇ ಇಳಿಯುತ್ತಾನೆ. ರೋಗ ಬಲಿಯುತ್ತದೆ.

ಈ ಮೌನವನ್ನು ಮುರಿಯಬಲ್ಲ ಉಪಾಯವನ್ನು ನಮ್ಮ ಕಾನೂನು ಕಂಡುಕೊಂಡದ್ದು 1983ರಲ್ಲಿ. ಆ ವರ್ಷ 1952ರ ಗಣಿ ಕಾಯ್ದೆಗೆ 9ಎ ಎಂಬ ಕಲಮನ್ನು ಸೇರಿಸಲಾಯಿತು. ಆರೋಗ್ಯ ಸಮೀಕ್ಷೆಯ ತಪಾಸಣೆಯಲ್ಲಿ ಒಬ್ಬನು ತನ್ನ ಕೆಲಸಕ್ಕೆ ಅನರ್ಹನೆಂದು ಕಂಡುಬಂದರೆ ಮಾಲೀಕರ ಖರ್ಚಿನಲ್ಲಿ ಚಿಕಿತ್ಸೆ ದೊರೆಯಬೇಕು. ಆ ಅವಧಿಯಲ್ಲಿ ಪೂರ್ಣ ಸಂಬಳ ಸಲ್ಲಬೇಕು. ಚಿಕಿತ್ಸೆಯ ನಂತರವೂ ಅನರ್ಹನಾಗಿಯೇ ಉಳಿದು, ಅದಕ್ಕೆ ಗಣಿಯ ಕೆಲಸವೇ ನೇರ ಕಾರಣವಾಗಿದ್ದರೆ, ಅವನ ದೇಹಕ್ಕೆ ಒಗ್ಗುವ ಬೇರೆ ಕೆಲಸವನ್ನು ಗಣಿಯಲ್ಲಿಯೇ ಕೊಡಬೇಕು. ಅಂಥ ಕೆಲಸ ಕೂಡಲೇ ಇಲ್ಲವಾದರೆ ಅಂಗವೈಕಲ್ಯ ಭತ್ಯೆ. ಅವನೇ ಕೆಲಸ ಬಿಡಲು ಬಯಸಿದರೆ ಒಂದೇ ಗಂಟಿನ ಪರಿಹಾರ. ಹೀಗಿತ್ತು ಆ ವಿಧಿ.

ಇದನ್ನು ಮಾಲೀಕನ ಔದಾರ್ಯವೆಂದು ತಿಳಿಯುವುದು ಸರಿಯಲ್ಲ. ದಾನ ಬೇರೆ, ನ್ಯಾಯ ಬೇರೆ. ನನ್ನದನ್ನು ನಿನಗೆ ಕೊಡುವುದು ದಾನ. ನಿನ್ನದನ್ನು ನಿನಗೆ ಒಪ್ಪಿಸುವುದು ನ್ಯಾಯ. ಕೆಲಸಗಾರನು ಮಾರಿದ್ದು ತನ್ನ ದಿನದ ಎಂಟು ಗಂಟೆಗಳ ಶ್ರಮವನ್ನು. ಶ್ವಾಸಕೋಶವನ್ನು ಯಾರೂ ಮಾರುವುದಿಲ್ಲ. ಒಪ್ಪಂದದಲ್ಲಿಲ್ಲದ ವಸ್ತು ಕೆಲಸದಲ್ಲಿ ಕಳೆದುಹೋದ ಮೇಲೆ ಅದರ ಹೊಣೆ ಆ ಕೆಲಸದಿಂದ ಲಾಭ ಪಡೆದವರ ಮೇಲೆ ಬೀಳುತ್ತದೆ.

ಕಲ್ನಾರಿನ ಧೂಳಿಗೆ ತುತ್ತಾದ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ಈ ಹೊಣೆಯನ್ನು ಗಟ್ಟಿಮಾಡಿತು. ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದಿತು. ಆ ಉದ್ಯಮದ ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ನಿಧಾನವಾಗಿ ಬರುವ ರೋಗಕ್ಕೆ ದೀರ್ಘಕಾಲ ಉಳಿಯುವ ಕಾಗದವೇ ಸಾಕ್ಷಿ.

2025ರ ನವೆಂಬರ್ 21ರಿಂದ ಹಳೆಯ ಗಣಿ ಕಾಯ್ದೆ ಮತ್ತು ಪರಿಹಾರ ಕಾಯ್ದೆಗಳ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಸಿಲಿಕೋಸಿಸ್ ಅಲ್ಲಿಯೂ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ನಿಗದಿತ ವಯಸ್ಸಿನ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸುವುದು ಉದ್ಯೋಗದಾತನ ಕರ್ತವ್ಯವಾಗಿದೆ. ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗಿರುವ ನಮ್ಮ ಮಕ್ಕಳು ಇ.ಎಸ್.ಐ. ಸದಸ್ಯರಾಗಿದ್ದರೆ, ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದಲ್ಲಿ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಪಡೆಯಬಹುದು. ಹೊಲದ ಕೂಲಿಯವರಿಗಾದರೋ ಈ ಆಸರೆ ಇನ್ನೂ ತಲುಪಿಲ್ಲ. ಗದ್ದೆಗೆ ಔಷಧ ಸಿಂಪಡಿಸಿ ಹಾಸಿಗೆ ಹಿಡಿದವನ ಮನೆಯ ಒಲೆ ಇಂದಿಗೂ ನೆರೆಯವರ ಕರುಣೆಯಿಂದಲೇ ಉರಿಯಬೇಕು. ಈ ಕೊರತೆ ನಮ್ಮೆಲ್ಲರ ಗಮನಕ್ಕೆ ಬರಬೇಕಾಗಿದೆ.

ಆದುದರಿಂದ ಪ್ರತಿ ಕುಟುಂಬವೂ ಕೆಲವು ಕಾಗದಗಳನ್ನು ಜೋಪಾನ ಮಾಡಲಿ: ನೇಮಕದ ಪತ್ರ, ಸಂಬಳದ ಚೀಟಿ, ಎದೆಯ ಎಕ್ಸ್‌ರೇ, ತಪಾಸಣೆಯ ವರದಿ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಹಾಜರಾತಿಯ ಗುರುತನ್ನಾದರೂ ಕೇಳಿ ಪಡೆಯಲಿ. ವೈದ್ಯರ ಬಳಿ ಹೋದಾಗ, ಎಲ್ಲಿ, ಎಷ್ಟು ವರ್ಷ, ಯಾವ ಧೂಳಿನಲ್ಲಿ ದುಡಿದೆನೆಂದು ತಪ್ಪದೆ ಹೇಳಲಿ. ಗಂಡನ ಕೆಮ್ಮನ್ನು ಮೊದಲು ಕೇಳುವವಳು ಹೆಂಡತಿ; ಈ ಕಾಗದಗಳು ಎಲ್ಲಿವೆ, ಏತಕ್ಕೆ ಬೇಕು ಎಂಬುದು ಅವಳಿಗೂ ತಿಳಿದಿರಲಿ.