ಲಿಂಬೆಯ ಗಿಡದ ಪಾತರಗಿತ್ತಿ



ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಹಿತ್ತಿಲುಳ್ಳ ಮನೆಗಳಲ್ಲಿ ಒಂದು ಲಿಂಬೆಯ ಗಿಡ, ಅದಿಲ್ಲದಿದ್ದರೆ ಒಂದು ಕರಿಬೇವಿನ ಗಿಡವಿರುವುದು ಅಪೂರ್ವವೇನಲ್ಲ. ಚಿಗುರನ್ನೆಲ್ಲ ತಿಂದು ಬರಿಯ ಕಡ್ಡಿಗಳನ್ನು ಉಳಿಸುವ ಹಸಿರು ಹುಳುವನ್ನು ಆ ಗಿಡದಲ್ಲಿ ಕಂಡಾಗ ಮನೆಯವರು ಹಿಡಿಶಾಪ ಹಾಕುತ್ತಾರೆ. ಅದೇ ಅಂಗಳದಲ್ಲಿ ಕಪ್ಪು ರೆಕ್ಕೆಗಳ ಮೇಲೆ ಹಳದಿಯ ಮಚ್ಚೆಗಳನ್ನು ಹೊತ್ತ ಪಾತರಗಿತ್ತಿಯೊಂದು ಹಾರಿಬಂದರೆ ಅವರೇ ಮಕ್ಕಳನ್ನು ಕರೆದು ತೋರಿಸುತ್ತಾರೆ. ಶಾಪಕ್ಕೆ ಗುರಿಯಾದುದೂ ಮೆಚ್ಚುಗೆಗೆ ಪಾತ್ರವಾದುದೂ ಒಂದೇ ಜೀವವೆಂಬುದೇ ಇಂದಿನ ನನ್ನ ವಿಷಯ.

ಮೈಸೂರಿನ ಕಡೆಯವರು ಚಿಟ್ಟೆಯೆನ್ನುವ ಈ ಕೀಟಕ್ಕೆ 1758ರಲ್ಲಿ ಲಿನೇಯಸ್ ಪಂಡಿತನು ಪ್ಯಾಪಿಲಿಯೊ ಡೆಮೋಲಿಯಸ್ ಎಂದು ಹೆಸರಿಟ್ಟನು. ಇದರ ಬಂಧುಗಳಲ್ಲಿ ಅನೇಕಕ್ಕೆ ಹಿಂದಿನ ರೆಕ್ಕೆಯಲ್ಲಿ ಬಾಲವುಂಟು, ಇದಕ್ಕಿಲ್ಲ. ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿರುವ ಕೆಂಪು ಮಚ್ಚೆಯಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಹೂವಿನ ಮೇಲೆ ಕುಳಿತು ಮಕರಂದವನ್ನು ಹೀರುವಾಗಲೂ ಇದರ ರೆಕ್ಕೆಗಳಿಗೆ ವಿಶ್ರಾಂತಿಯಿಲ್ಲ. ಘಟಪ್ರಭೆಯಂತಹ ಹೊಳೆಯ ದಂಡೆಯ ಹಸಿಮಣ್ಣಿನ ಮೇಲೆ ಗಂಡುಗಳು ಗುಂಪುಗೂಡಿ, ನೀರಿನೊಡನೆ ಮಣ್ಣಿನ ಲವಣಗಳನ್ನು ಹೀರುವುದುಂಟು.

ಹೆಣ್ಣಿನ ಚಿಂತೆ ಬೇರೆ. ಅದು ಗಿಡದಿಂದ ಗಿಡಕ್ಕೆ ಹಾರಿ, ಎಲೆಯ ಮೇಲೆ ಮುಂಗಾಲುಗಳನ್ನು ಬಡಿದು ನೋಡುತ್ತದೆ. ರುಚಿಯನ್ನರಿಯುವ ಶಕ್ತಿ ಅದರ ಕಾಲುಗಳಲ್ಲಿಯೇ ಇದೆ. ಲಿಂಬೆ, ಕಿತ್ತಳೆ, ಮೋಸಂಬಿ, ಕರಿಬೇವು, ಬಿಲ್ವ ಇವೆಲ್ಲ ಒಂದೇ ಕುಟುಂಬದ ಸಸ್ಯಗಳೆಂದು ನಾವು ಗ್ರಂಥಗಳಿಂದ ಕಲಿಯಬೇಕು; ಈ ಕೀಟವು ಅದನ್ನು ಪಾದದಿಂದಲೇ ಬಲ್ಲದು! ಎಲೆಯು ಒಪ್ಪಿಗೆಯಾದರೆ ಎಳೆಯ ಚಿಗುರಿನ ಮೇಲೆ ಸಾಸಿವೆಯಷ್ಟು ದಪ್ಪದ ತಿಳಿಹಳದಿಯ ಮೊಟ್ಟೆಯನ್ನು ಒಂದೊಂದಾಗಿ ಇಡುತ್ತದೆ.

ಮೂರು ನಾಲ್ಕು ದಿನಗಳಲ್ಲಿ ಹೊರಬೀಳುವ ಮರಿಹುಳು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದು, ಆಮೇಲೆ ಎಲೆಗೆ ಬಾಯಿಹಾಕುವುದು. ಬೆಳೆದಂತೆಲ್ಲ ಅದು ಪೊರೆ ಕಳಚುತ್ತದೆ. ಆರಂಭದ ನಾಲ್ಕು ಹಂತಗಳಲ್ಲಿ ಕಂದುಬಿಳುಪಿನ ಅದರ ಮೈ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ತೋರುವುದರಿಂದ ಹಸಿದ ಹಕ್ಕಿಯೂ ಅತ್ತ ನೋಡಲಾರದು. ಐದನೆಯ ಹಂತದಲ್ಲಿ ಮಾತ್ರ ವೇಷ ಬದಲಾಗಿ ಎಲೆಯ ಹಸಿರು ಬರುತ್ತದೆ. ಕಡ್ಡಿಯಿಂದ ಮುಟ್ಟಿ ನೋಡಿರಿ: ತಲೆಯ ಹಿಂದಿನಿಂದ ಕವಲೊಡೆದ ಮೆತ್ತನೆಯ ಕೊಂಬೊಂದು ಥಟ್ಟನೆ ಹೊರಬಂದು ಕಟುವಾದ ವಾಸನೆಯನ್ನು ಬೀರುತ್ತದೆ. ಇರುವೆಗಳನ್ನು ಓಡಿಸಲು ಇದು ಸಾಕು.

ಹೀಗೆ ಎರಡು ಮೂರು ವಾರ ತಿಂದು ಒಂದೂವರೆ ಅಂಗುಲದಷ್ಟು ಬೆಳೆದ ಹುಳು, ಕಡ್ಡಿಗೆ ರೇಷ್ಮೆಯ ಎಳೆಯಿಂದ ಸೊಂಟವನ್ನು ಬಿಗಿದುಕೊಂಡು ಕೋಶವಾಗುತ್ತದೆ. ಹಸಿರೆಲೆಗಳ ನಡುವೆ ಕೋಶವು ಹಸಿರು, ಒಣಕಡ್ಡಿಯ ಮೇಲೆ ಕಂದು. ಬೆಚ್ಚನೆಯ ದಿನಗಳಲ್ಲಿ ಒಂದು ವಾರಕ್ಕೆ ತುಸು ಹೆಚ್ಚಾಗುವಷ್ಟರಲ್ಲಿ ಅದು ಬಿರಿಯುವುದು. ಹೊರಬಂದ ಪಾತರಗಿತ್ತಿಯ ರೆಕ್ಕೆಗಳು ಮೊದಲು ಒದ್ದೆಬಟ್ಟೆಯಂತೆ ಮುದುಡಿರುತ್ತವೆ. ಮೈಯ ದ್ರವವನ್ನು ಅವುಗಳ ನರಗಳಿಗೆ ತುಂಬಿ, ಒಣಗುವವರೆಗೆ ಜೋತುಬಿದ್ದಿದ್ದು, ಅನಂತರ ಅದು ಹಾರಿಹೋಗುತ್ತದೆ.

ಹಾಗಾದರೆ ಹುಳುವನ್ನು ಕೊಲ್ಲಬೇಕೆ? ಲಿಂಬೆಯ ಸಸಿಗಳನ್ನು ಬೆಳೆಸುವ ಒಕ್ಕಲಿಗನಿಗೆ ಇದು ಹಗುರವಾದ ಪ್ರಶ್ನೆಯಲ್ಲ; ಗೇಣುದ್ದದ ಸಸಿಯನ್ನು ನಾಲ್ಕೈದು ಹುಳುಗಳು ಬೋಳುಮಾಡಬಲ್ಲವು. ಏಷ್ಯಾ ಖಂಡದ ಈ ಕೀಟವು 2004ರಲ್ಲಿ ದೂರದ ಡೊಮಿನಿಕನ್ ಗಣರಾಜ್ಯದಲ್ಲಿ ಕಾಣಿಸಿಕೊಂಡಾಗ ಅಲ್ಲಿಯ ಕಿತ್ತಳೆಯ ತೋಟಗಳ ಬಗೆಗೆ ಆತಂಕವುಂಟಾದುದು ಸಹಜವೇ. ಸಸಿಯ ಮೇಲಿನ ಹುಳುಗಳನ್ನು ಕೈಯಿಂದ ಆರಿಸಿ ತೆಗೆಯುವುದು ನ್ಯಾಯ. ಹಿತ್ತಿಲಿನ ಬಲಿತ ಮರದ ಮಾತು ಬೇರೆ. ಅದು ಕಳೆದುಕೊಂಡ ಎಲೆಗಳನ್ನು ಮತ್ತೆ ಚಿಗುರಿಸಿಕೊಳ್ಳುತ್ತದೆ; ಅದರ ಮೇಲೆ ವಿಷವನ್ನು ಸಿಂಪಡಿಸುವುದು ನನ್ನ ಅಭಿಪ್ರಾಯದಲ್ಲಿ ಅವಿವೇಕ. ಒಗ್ಗರಣೆಗೆ ಬೀಳುವ ಕರಿಬೇವಿನ ಮೇಲಂತೂ ಸಲ್ಲದು.

ಹುಳುವಿಗೆ ಶತ್ರುಗಳ ಕೊರತೆಯೂ ಇಲ್ಲ. ಕೆಲವು ಅತಿಸೂಕ್ಷ್ಮ ಕಣಜಗಳು ಅದರ ಮೊಟ್ಟೆಯೊಳಗೇ ತಮ್ಮ ಮೊಟ್ಟೆಯನ್ನಿಡುತ್ತವೆ. ಇನ್ನೊಂದು ಜಾತಿಯದು ಹೊಸ ಕೋಶದ ಹೊದಿಕೆ ಗಟ್ಟಿಯಾಗುವ ಮೊದಲೇ ಅದನ್ನು ಚುಚ್ಚುತ್ತದೆ. ಮಕ್ಕಳು ಗಾಜಿನ ಪಾತ್ರೆಯಲ್ಲಿ ಜೋಪಾನವಾಗಿಟ್ಟ ಕೋಶವೊಂದು ಎಷ್ಟು ದಿನ ಕಾದರೂ ಬಿರಿಯದೆ ಕಪ್ಪಾದರೆ, ಅದರ ಮೈಯಲ್ಲಿ ಸೂಜಿಮೊನೆಯಷ್ಟು ಗುಂಡನೆಯ ತೂತಿದೆಯೇ ಎಂದು ನೋಡಿರಿ. ಪಾತರಗಿತ್ತಿಯ ಬದಲು ಪುಟ್ಟ ಕಣಜಗಳ ಹಿಂಡೊಂದು ಆ ದಾರಿಯಿಂದ ಹೊರಟುಹೋಗಿರುತ್ತದೆ.