ಕೀಲೆಣ್ಣೆಯಿಂದ ರಬ್ಬರಿನವರೆಗೆ

ಬಂಡಿಯ ಗಾಲಿಯನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಬಳಿಯುವುದನ್ನು ಕಣ್ಣಾರೆ ಕಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಚ್ಚು ಎಂಬುದು ಸಂಸ್ಕೃತದ ಅಕ್ಷ ಶಬ್ದದ ತದ್ಭವವೆಂದು ತರಗತಿಯಲ್ಲಿ ನಾವು ಹೇಳಿಕೊಡುವುದುಂಟು. ಆದರೆ ಕೀಲು, ಕಡಾಣಿ, ಗುಂಬ, ಹಳಿ ಎಂಬ ಮಾತುಗಳ ಅರ್ಥವನ್ನು ಕೇಳಿದರೆ ಇಂದಿನ ವಿದ್ಯಾರ್ಥಿ ನಿಘಂಟಿನ ಕಡೆಗೆ ಕೈ ಚಾಚುತ್ತಾನೆ. ಅದು ಅವನ ತಪ್ಪಲ್ಲ. ಅವನ ಮನೆಯ ಮುಂದೆ ನಿಂತಿರುವುದು ಬಂಡಿಯಲ್ಲ, ಕಾರು. ಆದರೂ ವಾಹನ ಯಾವುದೇ ಆಗಲಿ, ಒಂದು ಅಂಗ ಇನ್ನೊಂದರೊಡನೆ ಕೂಡಿ ಆಡುವ ಎಡೆಯಲ್ಲಿಯೇ ಸವೆತ ಮೊದಲಾಗುತ್ತದೆ. ಬೀಸುವ ಕಲ್ಲಿನ ಗೂಟ ಸವೆಯುವುದು ಅಲ್ಲಿಯೇ. ಹಳೆಯ ಮನೆಯ ಬಾಗಿಲು ತನ್ನ ಕಲ್ಲಿನ ಕುಳಿಯಲ್ಲಿ ತಿರುತಿರುಗಿ ಸವೆಯುವುದೂ ಅಲ್ಲಿಯೇ. ಕಾರಿನಲ್ಲಿ ಆ ಎಡೆಗೆ ದೊರೆತಿರುವ ಹೆಸರು ಬುಷ್ಷು. ಕನ್ನಡದಲ್ಲಿ ಇದಕ್ಕೆ ಬೇರೆ ಹೆಸರನ್ನು ಟಂಕಿಸಬೇಕೆಂದು ನನಗೆ ತೋರುವುದಿಲ್ಲ. ಗ್ಯಾರೇಜಿನ ಹುಡುಗರ ಬಾಯಿಯಲ್ಲಿ ಅದು ಆಗಲೇ ಬುಸ್ಸು ಆಗಿದೆ. ತದ್ಭವ ಪ್ರಕರಣ ಅಲ್ಲಿಗೆ ಮುಗಿಯಿತು.

ನರಗುಂದ ತಾಲ್ಲೂಕಿನ ಕೊಣ್ಣೂರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟ ಅಮೋಘವರ್ಷನು ಬಂಕೆಯನ ಬಸದಿಗೆ ದತ್ತಿ ಬಿಟ್ಟುದನ್ನು ಹೇಳುವ ಶಕವರ್ಷ ೭೮೨ರ, ಎಂದರೆ ಕ್ರಿ. ಶ. ೮೬೦ರ ದಾನಶಾಸನ ಇಲ್ಲಿಯದು. ಶಾಸನದಲ್ಲಿ ಊರಿನ ಹೆಸರು ಕೊಳನೂರು. ತಾಮ್ರಪಟದಲ್ಲಿದ್ದ ಆ ಬರಹವನ್ನು ಮುಂದೆ ಕಲ್ಲಿಗೆ ಪ್ರತಿಮಾಡಿಸಿದರೆಂಬುದೂ ಆ ಕಲ್ಲಿನಲ್ಲಿಯೇ ಇದೆ. ಆದರೆ ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ವಾಹನದವರಿಗೆ ಕೊಣ್ಣೂರು ಎಂದರೆ ಬೇರೆಯೇ ಅರ್ಥ: ಹೆದ್ದಾರಿ ಮಲಪ್ರಭೆಯನ್ನು ಸೇರುವ ಊರು, ಎರೆಭೂಮಿಯ ರಸ್ತೆ, ಪೇರಲ ಹಣ್ಣಿನ ಬುಟ್ಟಿಗಳು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಊರಿಗೂ ಹೆದ್ದಾರಿಗೂ ನೀರು ನುಗ್ಗಿದಾಗ ಸಂಚಾರವೇ ನಿಂತುಹೋಗಿತ್ತು. ಇಂಥ ಸೀಮೆಯಲ್ಲಿ ಕಾರಿನ ಬುಷ್ಷು ಬೇಗ ಮುದಿಯಾಗುವುದು ಆಶ್ಚರ್ಯವಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ; ಕಾಲ ಕೆಳಗಿನ ಮಣ್ಣೇ ಅದನ್ನು ಹೇಳುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬತ್ತಿ ಬಾಯಿ ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಗಟ್ಟಿಯಾಗಿರಲಿ, ಕೆಳಗಿನ ನೆಲ ಉಸಿರಾಡಿದಂತೆ ಏರಿಳಿಯುತ್ತಿದ್ದರೆ ಅದು ಅಲೆಯಲೆಯಾಗದೆ ಇರಲಾರದು. ಹೆದ್ದಾರಿಯನ್ನಾದರೂ ಆಗಾಗ ಸರಿಪಡಿಸುತ್ತಾರೆ. ಹೊಲಕ್ಕೂ ಒಳಊರುಗಳಿಗೂ ಹೋಗುವ ದಾರಿಯ ಮಾತು ಬೇಡ. ಆ ಏರಿಳಿತಗಳನ್ನೆಲ್ಲ ಗಾಲಿಯಿಂದ ಪಡೆದು, ಕುಳಿತವರ ಬೆನ್ನುಮೂಳೆಗೆ ಮುಟ್ಟುವ ಮೊದಲೇ ಅಷ್ಟಿಷ್ಟು ನುಂಗಿಕೊಳ್ಳುವ ಕೆಲಸದಲ್ಲಿ ಸ್ಪ್ರಿಂಗಿಗೂ ಶಾಕ್ ಅಬ್ಸಾರ್ಬರಿಗೂ ದೊರೆತ ಕೀರ್ತಿ ಬುಷ್ಷಿಗೆ ದೊರೆತಿಲ್ಲ.

ಅದರ ರಚನೆ ತೀರ ಸರಳ. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಹೊರಗಿನ ಕೊಳವೆ ಲೋವರ್ ಆರ್ಮಿನ ಕಣ್ಣಿನಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟು ಕಾರಿನ ಮೈಗೆ ಅಮುಕಿ ಹಿಡಿದಿರುತ್ತದೆ. ಗಾಲಿ ಏರಿಳಿದಾಗ ಆರ್ಮು ತೂಗುತ್ತದೆ. ಆಗ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ, ಉಜ್ಜುವುದಿಲ್ಲ. ನಡುವಣ ರಬ್ಬರು ತಿರುಚಿಕೊಂಡು ಮತ್ತೆ ತನ್ನ ನಿಲುವಿಗೆ ಬರುತ್ತದೆ, ಅಷ್ಟೆ. ಹಸಿ ರಬ್ಬರಿನಿಂದ ಈ ಕೆಲಸ ಆಗುತ್ತಿರಲಿಲ್ಲ; ಅದು ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗುವ ವಸ್ತು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ಮೇಲೆಯೇ ರಬ್ಬರಿಗೆ ತಿರುಚಿದರೂ ಮರಳಿ ನಿಲ್ಲುವ ಗುಣ ನೆಲೆಯಾಗಿ ಬಂದುದು.

ಬಂಡಿಯ ಅಚ್ಚಿಗೂ ಕಾರಿನ ಬುಷ್ಷಿಗೂ ಇರುವ ಮುಖ್ಯ ಭೇದ ಇಲ್ಲಿದೆ. ಬಂಡಿಯ ಗುಂಬ ಅಚ್ಚಿನ ಮೇಲೆ ಉಜ್ಜುತ್ತ ತಿರುಗುತ್ತದೆ. ಆದ್ದರಿಂದ ಎಣ್ಣೆ ಬೇಕು. ಹಳೆಯ ಲಾರಿಗಳ ಸ್ಪ್ರಿಂಗಿನ ಪಿನ್ನು ಕಂಚಿನ ಬುಷ್ಷಿನಲ್ಲಿ ತಿರುಗುತ್ತಿತ್ತು; ಅದಕ್ಕೆ ಗ್ರೀಸು ಬೇಕಾಗಿತ್ತು, ಗ್ರೀಸು ತುಂಬಲು ನಿಪ್ಪಲೂ ಇರುತ್ತಿತ್ತು. ರಬ್ಬರಿನ ಬುಷ್ಷಿಗೆ ಎಣ್ಣೆಯೇ ಶತ್ರು. ಆದರೆ ಶತಮಾನಗಳಿಂದ ಕಿರುಗುಟ್ಟಿದಲ್ಲೆಲ್ಲ ಎಣ್ಣೆ ಬಿಟ್ಟು ಬಂದ ಕೈ ಸುಮ್ಮನಿರುವುದುಂಟೆ? ಮಳೆಗಾಲಕ್ಕೆ ಮುಂಚೆ ಕಾರಿನ ತಳಕ್ಕೆಲ್ಲ ಸುಟ್ಟ ಇಂಜಿನ್ ಆಯಿಲು ಹೊಡೆಸುವ ರೂಢಿ ನಮ್ಮಲ್ಲಿದೆ. ಹೊಡೆಸಿದ ಮರುದಿನ ಕಿರುಗುಟ್ಟುವಿಕೆ ನಿಂತಿರುತ್ತದೆ, ಮಾಲಿಕನಿಗೆ ಸಂತೋಷವಾಗುತ್ತದೆ. ಆದರೆ ರಬ್ಬರು ಆ ಎಣ್ಣೆಯನ್ನು ಹೀರಿ ಉಬ್ಬಿ, ಮೆತ್ತಗಾಗಿ, ಕೊನೆಗೆ ಹರಳುಹರಳಾಗಿ ಉದುರುತ್ತದೆ. ಹಿರಿಯರ ಜಾಣತನ ವಸ್ತು ಬದಲಾದಾಗ ಹಾಗೆಯೇ ಒಗ್ಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಸವೆದ ಬುಷ್ಷು ತನ್ನ ಸಂಗತಿಯನ್ನು ಮೊದಲು ಸದ್ದಿನಲ್ಲಿ ತಿಳಿಸುತ್ತದೆ. ನಮ್ಮ ವೈಯಾಕರಣರು ಅನುಕರಣಾವ್ಯಯವೆಂದು ಕರೆದ ಶಬ್ದಗಳ ಭಂಡಾರ ಇಂದಿಗೂ ಜೀವಂತವಾಗಿ ಬಳಕೆಯಲ್ಲಿರುವುದು ಗ್ಯಾರೇಜಿನಲ್ಲಿಯೇ ಎಂದರೆ ಅತಿಶಯೋಕ್ತಿಯಲ್ಲ. ಗಿರಾಕಿ "ಏನೋ ಸದ್ದು ಬರುತ್ತದೆ" ಎಂದರೆ ನುರಿತ ಮೇಸ್ತ್ರಿ ತೃಪ್ತನಾಗುವುದಿಲ್ಲ. ಲಟಲಟವೋ, ಗಡಗಡವೋ, ಕಿರ್ರೆನ್ನುತ್ತದೆಯೋ, ಬ್ರೇಕು ಹಾಕಿದಾಗ ಒಮ್ಮೆ ಮಾತ್ರ ದಡ್ಡೆನ್ನುತ್ತದೆಯೋ ಎಂದು ಬಿಡಿಸಿ ಬಿಡಿಸಿ ಕೇಳುತ್ತಾನೆ. ಸಣ್ಣ ಕುಳಿಗಳ ಮೇಲೆ ಲಟಲಟವೆಂದರೆ ಸ್ಟೆಬಿಲೈಜರಿನ ಲಿಂಕು ಅಥವಾ ಅದರ ಬುಷ್ಷು. ಮೆಲ್ಲಗೆ ಉಬ್ಬು ದಾಟುವಾಗ ಕಿರ್ರೆಂದರೆ ಒಣಗಿದ ರಬ್ಬರು. ಬ್ರೇಕಿಗೆ ದಡ್ಡೆಂದು ಕಾರು ಒಂದು ಪಕ್ಕಕ್ಕೆ ಎಳೆದರೆ ಲೋವರ್ ಆರ್ಮಿನ ಬುಷ್ಷು. ೧೯೮೩ರಿಂದ ೨೦೧೪ರವರೆಗೆ ತಯಾರಾದ ಮಾರುತಿ ೮೦೦ರಲ್ಲಿ ಈ ಕೊನೆಯ ಲಕ್ಷಣಕ್ಕೆ ಬೇರೊಂದು ಕಾರಣವೂ ಉಂಟು. ಅದರಲ್ಲಿ ಸ್ಟೆಬಿಲೈಜರ್ ಬಾರೇ ಮುಂದಿನ ಗಾಲಿಯನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿರುತ್ತದೆ. ಆ ಬಾರಿನ ತುದಿಯ ಬುಷ್ಷು ಸತ್ತರೆ ಬ್ರೇಕು ಹಾಕಿದಾಗಲೆಲ್ಲ ಗಾಲಿಯೇ ಹಿಂದಕ್ಕೆ ಸರಿಯುತ್ತದೆ. ಎದುರಿನಿಂದ ಹತ್ತಿಯ ಲಾರಿ ಬರುತ್ತಿರುವಾಗ ಹೀಗೆ ಸರಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ. ಬುಷ್ಷಿನ ಬೆಲೆಯನ್ನು ರೂಪಾಯಿಯಲ್ಲಿ ಮಾತ್ರ ಎಣಿಸುವವರು ಈ ಕ್ಷಣವನ್ನೂ ಲೆಕ್ಕಕ್ಕೆ ತರಬೇಕು.

ಸದ್ದೊಂದನ್ನೇ ನಂಬಿ ಭಾಗ ಬದಲಿಸುವುದೂ ಸಲ್ಲದು. ಸವೆದ ಬಾಲ್ ಜಾಯಿಂಟು ಹೆಚ್ಚುಕಡಮೆ ಇದೇ ದನಿಯಲ್ಲಿ ಮಾತಾಡುತ್ತದೆ. ಗಾಲಿಯನ್ನೆತ್ತಿ, ಆರ್ಮಿನ ಕಣ್ಣಿನ ಹತ್ತಿರ ಸಣ್ಣ ಸಬ್ಬಲನ್ನಿಟ್ಟು ಮೀಟಿ ನೋಡಬೇಕು. ಆರೋಗ್ಯವಾದ ಬುಷ್ಷು ಸ್ವಲ್ಪ ಬಳುಕಿ ಮರಳುತ್ತದೆ. ಸತ್ತದ್ದು ಬಾಯಿ ತೆರೆಯುತ್ತದೆ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಅಂಜಬೇಕಿಲ್ಲ, ಬಿಸಿಲಿಗೆ ಅಷ್ಟು ಸಹಜ. ಕೊಳವೆಯಿಂದ ರಬ್ಬರು ಬಿಟ್ಟುಬಂದಿದ್ದರೆ ಅದಕ್ಕೆ ಕಾಲ ಮುಗಿದಂತೆ.

ಇನ್ನು ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೆ ಎಂಬ ಪ್ರಶ್ನೆ. ಸ್ಟೆಬಿಲೈಜರ್ ಬಾರನ್ನು ಕಾರಿನ ಮೈಗೆ ಹಿಡಿಸುವ ಸೀಳು ಬುಷ್ಷುಗಳನ್ನು ಪಾನಾ ಹಿಡಿಯಬಲ್ಲ ಯಾರಾದರೂ ಬದಲಿಸಬಹುದು: ಎರಡು ಬೋಲ್ಟು, ಒಂದು ಪಟ್ಟಿ, ಸೀಳಿನಲ್ಲಿ ತೆರೆದು ತೊಡಿಸುವ ರಬ್ಬರು. ಲೋವರ್ ಆರ್ಮಿನ ಬುಷ್ಷಿನ ಮಾತು ಬೇರೆ. ನೆರೆಯ ನೀರು ಕಂಡ ಕಾರಾದರೆ ಬೋಲ್ಟು ಒಳಗಿನ ಕೊಳವೆಯೊಡನೆ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತದೆ. ನೀರಿನಿಂದ ರಬ್ಬರಿಗೆ ಆಗುವ ಕೇಡು ಕಡಿಮೆ. ಉಕ್ಕಿಗೆ ಆಗುವ ಕೇಡೇ ಹೆಚ್ಚು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟಿಗೆ ಮಾತ್ರ ಬಿಟ್ಟು ಕಾಯಬೇಕು. ಅವಸರ ಮಾಡಿದರೆ ತಲೆ ಮುರಿಯುವುದು ಬೋಲ್ಟಿನದು. ಮುಂಗಾಲಿಯ ದೊಡ್ಡ ಸ್ಪ್ರಿಂಗನ್ನು ಬಿಚ್ಚುವ ಕೆಲಸವಿದ್ದರಂತೂ ಮನೆಯಲ್ಲಿ ಕೈ ಹಾಕಲೇಬಾರದು. ಅಮುಕಿದ ಸ್ಪ್ರಿಂಗು ಹಿಡಿತ ತಪ್ಪಿದರೆ ಗುಂಡಿನಂತೆ ಹಾರುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಜಾಕು ಕಾರನ್ನು ಎತ್ತುವ ಸಾಧನ, ಹೊರುವ ಸಾಧನವಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಿ, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಗಟ್ಟಿ ನೆಲದ ಮೇಲೆಯೇ ಕೆಲಸ ಮಾಡಬೇಕು. ಇಟ್ಟಿಗೆ ಒಡೆಯುತ್ತದೆ, ಕಲ್ಲು ಜಾರುತ್ತದೆ. ಎರೆನೆಲವೋ, ಮೇಲೆ ಕಲ್ಲಿನಂತೆ ಕಂಡರೂ ಜಾಕಿನ ಕಾಲಡಿ ಕುಸಿಯಬಲ್ಲದು. ಇಷ್ಟು ಅನುಕೂಲವಿಲ್ಲದವರು ಕಾರಿನ ಕೆಳಗೆ ತಲೆ ಹಾಕದೆ ಗ್ಯಾರೇಜಿಗೆ ಹೋಗುವುದೇ ಲೇಸು. ನೂರಿನ್ನೂರು ರೂಪಾಯಿಯ ಕೂಲಿಯನ್ನು ಉಳಿಸುವುದಕ್ಕೆ ಎದೆಯನ್ನು ಒಡ್ಡುವುದು ಮಿತವ್ಯಯವಲ್ಲ.

ಆರ್ಮನ್ನು ಬಿಚ್ಚಿ ಕೈಗೆ ತಂದರೂ ಕೆಲಸ ಅರ್ಧವೇ. ಹಳೆಯ ಬುಷ್ಷನ್ನು ತಳ್ಳಿ ಹೊಸದನ್ನು ಕೂರಿಸಲು ಪ್ರೆಸ್ಸು ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸುವವರಿದ್ದಾರೆ. ಹಾಗೆ ಹೊಡೆದಾಗ ಹೊರಕೊಳವೆ ಅಂಡಾಕಾರವಾಗಿ, ರಬ್ಬರಿನ ಬೆಸುಗೆ ಮೊದಲ ದಿನವೇ ಸಡಿಲಾಗುತ್ತದೆ. ಹಳೆಯ ರಬ್ಬರನ್ನು ಬೆಂಕಿಯಿಂದ ಸುಟ್ಟು ತೆಗೆಯುವ ಪದ್ಧತಿಯೂ ಉಂಟು. ಆ ಕರಿಹೊಗೆ ಶ್ವಾಸಕ್ಕೆ ವಿಷ. ಲೇತಿನ ಅಂಗಡಿಯ ಪ್ರೆಸ್ಸಿನಲ್ಲಿ ಕೆಲವು ನಿಮಿಷಗಳಲ್ಲಿ ಆಗುವ ಕೆಲಸಕ್ಕೆ ಇಷ್ಟು ಸಾಹಸ ಏಕೆ? ತೆಗೆಯುವ ಮೊದಲು ಹಳೆಯದು ಎಷ್ಟು ಆಳಕ್ಕೆ ಕುಳಿತಿತ್ತೆಂದು ಅಳೆದಿಟ್ಟುಕೊಳ್ಳಬೇಕು. ಕೆಲವು ಬುಷ್ಷುಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಕಿಂಡಿಗಳಿರುತ್ತವೆ. ಅವು ಯಾವ ದಿಕ್ಕಿಗೆ ಮುಖ ಮಾಡಿದ್ದುವೆಂದು ಗುರುತು ಹಾಕಿಕೊಳ್ಳಬೇಕು. ಕೂರಿಸುವಾಗ ಜಾರಲೆಂದು ಬೇಕಾದರೆ ಸಾಬೂನಿನ ನೀರು, ಎಣ್ಣೆ ಕೂಡದು.

ಕೊನೆಯ ಬಿಗಿತದಲ್ಲಿ ಎಷ್ಟೋ ಮಂದಿ ಎಡವುತ್ತಾರೆ. ಎಡವಿದ್ದು ತಿಂಗಳುಗಳ ಮೇಲೆ ತಿಳಿಯುತ್ತದೆ. ಕಾರನ್ನೆತ್ತಿದಾಗ ಗಾಲಿ ಜೋತುಬಿದ್ದು ಆರ್ಮು ಕೆಳಮುಖವಾಗಿರುತ್ತದೆ. ಆ ಸ್ಥಿತಿಯಲ್ಲಿಯೇ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಅದನ್ನೇ ತನ್ನ ಸಹಜ ನಿಲುವೆಂದು ಹಿಡಿದುಕೊಳ್ಳುತ್ತದೆ. ಕಾರನ್ನು ಇಳಿಸಿದ ಕೂಡಲೆ ಆರ್ಮು ಮೇಲಕ್ಕೇರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚುವವರೆಗೆ ಹಗಲೂ ರಾತ್ರಿಯೂ ತಿರುಚಿಕೊಂಡೇ ನಿಲ್ಲುತ್ತದೆ. ಅದರ ಮೇಲೆ ರಸ್ತೆಯ ಕುಳಿಗಳ ಪೆಟ್ಟು. ವರ್ಷಗಟ್ಟಲೆ ಬಾಳಬೇಕಾದ ಬುಷ್ಷು ತಿಂಗಳುಗಳಲ್ಲಿ ಹರಿದರೆ ಜನ ಬೈಯುವುದು ಅಂಗಡಿಯ ಮಾಲನ್ನು. ಕಾರಿನ ಭಾರವೆಲ್ಲ ಗಾಲಿಗಳ ಮೇಲೆ ನಿಂತು, ಆರ್ಮು ತನ್ನ ನಿತ್ಯದ ಎತ್ತರಕ್ಕೆ ಬಂದ ಮೇಲೆ ಬೋಲ್ಟನ್ನು ಕಡೆಯ ಸುತ್ತು ಬಿಗಿಯಬೇಕು. ಮೇಸ್ತ್ರಿಯನ್ನು ಆರಿಸುವ ಸುಲಭವಾದ ಪರೀಕ್ಷೆಯೂ ಇದೇ: ಕಾರನ್ನು ಇಳಿಸಿದ ಮೇಲೆ ಪಾನಾ ಹಿಡಿದು ಮತ್ತೊಮ್ಮೆ ಬಗ್ಗುವವನು ಕೆಲಸ ಬಲ್ಲವನು.

ಬುಷ್ಷು ಮಾತ್ರ ಬದಲಿಸುವುದೋ, ಬುಷ್ಷು ಕೂಡಿಸಿದ ಇಡೀ ಆರ್ಮನ್ನೇ ಕೊಳ್ಳುವುದೋ ಎಂಬುದು ಈಗಿನ ಚರ್ಚೆ. ಇಡೀ ಆರ್ಮಿಗೆ ಹಣ ಹೆಚ್ಚು, ಕೆಲಸ ಕಡಿಮೆ. ಬಾಲ್ ಜಾಯಿಂಟೂ ಮುದಿಯಾಗಿದ್ದರೆ ಅದೇ ಒಳ್ಳೆಯದು. ಆದರೆ ಆರ್ಮು ನೆಟ್ಟಗಿದ್ದು ತುಕ್ಕಿಲ್ಲದಿದ್ದರೆ ಒಳ್ಳೆಯ ಉಕ್ಕನ್ನು ಗುಜರಿಗೆ ಹಾಕುವುದು ನನ್ನ ಮನಸ್ಸಿಗೆ ಒಪ್ಪದು. ಪ್ರೆಸ್ಸು ನಡೆಸುವ ಕೈಗಳಿಗೂ ಕೆಲಸವಿರಲಿ. ಪಾಲಿಯುರೆಥೇನಿನ ಬುಷ್ಷುಗಳೂ ದೊರೆಯುತ್ತವೆ. ಅವು ಗಟ್ಟಿ, ಬಾಳಿಕೆಯವು, ಆದರೆ ಕುಳಿಯ ಪೆಟ್ಟನ್ನು ಒಳಗೆ ಹೆಚ್ಚು ದಾಟಿಸುತ್ತವೆ, ತಕ್ಕ ಸಿಲಿಕೋನ್ ಗ್ರೀಸಿಲ್ಲದಿದ್ದರೆ ಕಿರುಗುಟ್ಟುತ್ತವೆ. ನಮ್ಮ ರಸ್ತೆಗಳಿಗೆ ರಬ್ಬರೇ ಸಾಕೆಂದು ನನ್ನ ಅಭಿಪ್ರಾಯ.

ಯಾವುದನ್ನೇ ಹಾಕಿಸಲಿ, ಎಡಬಲ ಎರಡನ್ನೂ ಒಟ್ಟಿಗೆ ಹಾಕಿಸಬೇಕು. ಆಮೇಲೆ ಅಲೈನ್‌ಮೆಂಟು ನೋಡಿಸಬೇಕು. ಇಲ್ಲದಿದ್ದರೆ ಟಾಯರಿನ ಒಳಅಂಚು ಸವೆದು ಬುಷ್ಷಿನ ಹತ್ತು ಪಾಲು ಖರ್ಚು ಬರುತ್ತದೆ. ಊರಿನ ಗ್ಯಾರೇಜಿನಲ್ಲಿ ಆ ಯಂತ್ರವಿಲ್ಲದಿದ್ದರೆ ಹುಬ್ಬಳ್ಳಿಗೆ ಹೇಗೂ ಹೋಗುವ ದಿನ ಬಂದೇ ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ನಿಧಾನವಾಗಿ ಓಡಿಸಿ, ಹಿಂದಿರುಗಿದ ಮೇಲೆ ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿಸಿದರೆ ಸಾಕು.